ಕಲಿಸಲು ಪುರುಸೊತ್ತು ಬೇಕು

ಅಕ್ಕನ ಮಗ ಮೊದಲ ಹಡಗು ಮುಗಿಸಿ ಊರಿಗೆ ಬಂದ. ಎಂಟು ತಿಂಗಳು ಡೆಕ್ ಕೆಡೆಟ್, ಅಂದರೆ ಹಡಗು ನಡೆಸುವ ಆಫೀಸರ್ ಆಗಲು ಕಲಿಯುವ ಹುಡುಗ, ಆಗಿದ್ದ. ಬಂದ ಮರುದಿನವೇ ಸುರತ್ಕಲ್‌ನ ನಮ್ಮ ಮನೆಗೆ ಹಾಜರು. ಒಂದು ಕೈಯಲ್ಲಿ ಅವನ ಅತ್ತೆಗೆ ಚಾಕಲೇಟು, ಇನ್ನೊಂದು ಕೈಯಲ್ಲಿ ನನಗೆ ತೋರಿಸಲಿಕ್ಕೆ ಒಂದು ದಪ್ಪ ಪುಸ್ತಕ. ಅದು ಅವನ ಟ್ರೈನಿಂಗ್ ರೆಕಾರ್ಡ್ ಬುಕ್. ಹಡಗಿನಲ್ಲಿ ಕೆಡೆಟ್ ಕಲಿತ ಒಂದೊಂದು ಕೆಲಸಕ್ಕೂ ಅದರಲ್ಲಿ ಒಂದೊಂದು ಸಾಲು. ಪಕ್ಕದಲ್ಲಿ ತಾರೀಕು, ಕಲಿಸಿದ ಆಫೀಸರನ ಸಹಿ.

"ಅರ್ಧಕ್ಕಿಂತ ಜಾಸ್ತಿ ಆಯ್ತು ಮಾವ" ಅಂದ. ಮುಖದಲ್ಲಿ ಖುಷಿ ಇತ್ತು.

ನಾನು ಪುಟ ತಿರುಗಿಸುತ್ತಾ ಹೋದೆ. ಮೊದಲ ಹತ್ತು ಪುಟಗಳಲ್ಲಿ ಸಹಿಗಳು ಒಂದೊಂದು ದಿನದ್ದು, ಒಂದೊಂದು ಪೆನ್ನಿನದ್ದು. ಒಂದು ಕಡೆ ಕಾಫಿಯ ಕಲೆ, ಇನ್ನೊಂದು ಕಡೆ ಎಣ್ಣೆಯ ಬೆರಳು. ಅಲ್ಲಿಂದ ಮುಂದೆ ಎಲ್ಲ ಒಂದೇ ನೀಲಿ ಪೆನ್ನು, ಒಂದೇ ಓರೆ, ಒಂದೇ ಅವಸರ. ಮೂವತ್ತಕ್ಕೂ ಜಾಸ್ತಿ ಕೆಲಸಗಳಿಗೆ ಎರಡೇ ದಿನದ ತಾರೀಕು. ಅವನು ಹಡಗು ಇಳಿಯುವ ಮುಂಚಿನ ಎರಡು ದಿನ.

ಒಂದು ಸಾಲಿನ ಮೇಲೆ ಬೆರಳಿಟ್ಟೆ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜಿನಿಂದ ರಡರ್, ಅಂದರೆ ಚುಕ್ಕಾಣಿ, ತಿರುಗಿಸಲು ಆಗದೆ ಹೋದಾಗ ಹಿಂಬದಿಯ ಕೋಣೆಯಿಂದಲೇ ಅದನ್ನು ತಿರುಗಿಸುವ ಕೆಲಸ ಅದು. ಕೇಳಿದೆ. "ಎಮರ್ಜೆನ್ಸಿ ಸ್ಟೀರಿಂಗ್‌ಗೆ ಬದಲಾಯಿಸುವುದು ನಿನ್ನ ಕೈಯಾರೆ ಮಾಡಿದ್ದೀಯಾ?"

"ಡ್ರಿಲ್ ಆಗುವಾಗ ಹಿಂದೆ ನಿಂತು ನೋಡಿದೆ ಮಾವ. ಸಣ್ಣ ಜಾಗ, ಜನ ತುಂಬಿದ್ರು, ಸರಿಯಾಗಿ ಕಾಣಲಿಲ್ಲ."

"ಮತ್ತೆ ಸಹಿ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಚೀಫ್ ಮೇಟ್ ಒಳ್ಳೆಯವರು ಮಾವ. ಆದರೆ ಅವರಿಗೆ ಪುರುಸೊತ್ತೇ ಇರಲಿಲ್ಲ. ಪುಸ್ತಕ ಹಾಗೇ ಉಳಿದರೆ ನನಗೆ ತೊಂದರೆ ಆಗ್ತದೆ ಅಂತ ಹಾಕಿಕೊಟ್ಟರು."

ಬೈಯಲು ನನಗೆ ಬಾಯಿ ಬರಲಿಲ್ಲ. 2018ರಲ್ಲಿ ಹಡಗು ಬಿಟ್ಟು ಊರಿಗೆ ಬರುವ ಮೊದಲು ಏಳು ವರ್ಷ ನಾನೂ ಚೀಫ್ ಮೇಟ್, ಅಂದರೆ ಡೆಕ್ಕಿನಲ್ಲಿ ಕ್ಯಾಪ್ಟನ್ನಿನ ನಂತರದ ಆಫೀಸರ್, ಆಗಿದ್ದೆ. ಕೆಡೆಟ್‌ಗಳಿಗೆ ಕಲಿಸುವ ಜವಾಬ್ದಾರಿ ನನ್ನದೇ ಆಗಿತ್ತು. ಬಂದರಿನ ಕೆಲಸ ಮುಗಿಸಿ ಕಣ್ಣು ಮುಚ್ಚಿಹೋಗುವ ಹೊತ್ತಿಗೆ ಹುಡುಗ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತರೆ ನಾನೂ ಹೀಗೆ ಸಹಿ ಹಾಕಿದ್ದೇನೆ. ಒಂದಲ್ಲ, ಎಷ್ಟೋ ಸಲ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಈಗ ಇದನ್ನು ಬರೆಯಲು ಕಾರಣವಿದೆ. ಹಡಗಿನವರ ತರಬೇತಿಗೆ ಇಡೀ ಜಗತ್ತಿಗೆ ಒಂದೇ ನಿಯಮವಿದೆ, ಅದನ್ನು ಬುಡದಿಂದ ತಿದ್ದುವ ಕೆಲಸ ಈಗ ನಡೆಯುತ್ತಿದೆ. ನಿಯಮದ ಹೆಸರು ಎಸ್‌ಟಿಸಿಡಬ್ಲ್ಯೂ. ಹಡಗಿನವರು ಹೇಗೆ ಕಲಿಯಬೇಕು, ಯಾವ ಸರ್ಟಿಫಿಕೇಟ್ ಬೇಕು, ವಾಚ್, ಅಂದರೆ ಸರದಿಯ ಕಾವಲು, ಹೇಗೆ ಮಾಡಬೇಕು ಎಂದು ಹೇಳುವ ಒಪ್ಪಂದ ಅದು. ವಿಶ್ವಸಂಸ್ಥೆಯ ಐಎಂಒ, ಅಂದರೆ ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಅದನ್ನು ನೋಡಿಕೊಳ್ಳುತ್ತದೆ. ಮಂಗಳೂರಿನ ಪಣಂಬೂರು ಬಂದರಿಗೆ ಬರುವ ಕಚ್ಚಾ ಎಣ್ಣೆಯ ಟ್ಯಾಂಕರಿನ ಕ್ಯಾಪ್ಟನ್ನಿನಿಂದ ಹಿಡಿದು ಕ್ರೂಸ್ ಹಡಗಿನಲ್ಲಿ ಊಟ ಬಡಿಸುವ ನಮ್ಮ ಉಡುಪಿಯ ಹುಡುಗನವರೆಗೆ ಎಲ್ಲರಿಗೂ ಅದು ತಾಗುತ್ತದೆ. ಬಡಿಸುವವನಿಗೂ ಬೆಂಕಿ ಆರಿಸಲು, ಲೈಫ್‌ಜಾಕೆಟ್ ಹಾಕಿ ನೀರಿಗೆ ಹಾರಲು ಗೊತ್ತಿರಬೇಕಲ್ವಾ?

ಈ ನಿಯಮ ಹುಟ್ಟಿದ್ದು 1978ರ ಜುಲೈ 7ರಂದು. ಜಾರಿಗೆ ಬಂದದ್ದು 1984ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಒಂದೊಂದು ದೇಶದ್ದು ಒಂದೊಂದು ಲೆಕ್ಕ. 1967ರಲ್ಲಿ ಟೋರಿ ಕ್ಯಾನ್ಯನ್ ಎಂಬ ಟ್ಯಾಂಕರ್ ಇಂಗ್ಲೆಂಡಿನ ತೀರದಲ್ಲಿ ಬಂಡೆಗೆ ಹೊಡೆದು ಎಣ್ಣೆಯೆಲ್ಲ ಸಮುದ್ರಕ್ಕೆ ಚೆಲ್ಲಿದ ಮೇಲೆ ಜಗತ್ತಿಗೆ ಎಚ್ಚರವಾಯಿತು. ಆದರೆ 1978ರ ಪುಸ್ತಕದಲ್ಲಿ ಒಂದು ಸಡಿಲ ಗಂಟು ಉಳಿದುಬಿಟ್ಟಿತು. ಎಷ್ಟೋ ಕಡೆ "ಆಯಾ ದೇಶದ ಆಡಳಿತಕ್ಕೆ ತೃಪ್ತಿಯಾಗುವಂತೆ" ಕಲಿತಿದ್ದರೆ ಸಾಕು ಎಂದು ಬರೆದಿದ್ದರು. ಒಂದು ದೇಶದ ತೃಪ್ತಿ ಇನ್ನೊಂದು ದೇಶದ ತೃಪ್ತಿಯ ಹಾಗೆ ಇರುತ್ತದಾ?

1990ರ ಏಪ್ರಿಲ್‌ನಲ್ಲಿ ಸ್ಕ್ಯಾಂಡಿನೇವಿಯನ್ ಸ್ಟಾರ್ ಎಂಬ ಪ್ರಯಾಣಿಕರ ಹಡಗಿಗೆ ನಡುರಾತ್ರಿ ಬೆಂಕಿ ಬಿತ್ತು. 159 ಜನ ಸತ್ತರು. ಹಡಗಿನ ಸಿಬ್ಬಂದಿ ಹೊಸಬರು, ಹಡಗಿನ ಓಣಿಗಳೇ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ, ಪ್ರಯಾಣಿಕರ ಭಾಷೆ ಅನೇಕರಿಗೆ ಬರುತ್ತಿರಲಿಲ್ಲ. ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಹಡಗು ಗೊತ್ತಿದ್ದ ಹಾಗಲ್ಲ ಎನ್ನುವುದು ಇಂಥ ಅವಘಡಗಳಿಂದ ಎಲ್ಲರಿಗೂ ಅರ್ಥವಾಯಿತು. 1995ರಲ್ಲಿ ನಿಯಮವನ್ನು ಹೆಚ್ಚುಕಡಿಮೆ ಹೊಸದಾಗಿಯೇ ಬರೆದರು. ಅದು 1997ರ ಫೆಬ್ರವರಿ 1ರಿಂದ ಜಾರಿಗೆ ಬಂತು.

ಅದೇ ವರ್ಷ ನಾನು ಸಮುದ್ರಕ್ಕೆ ಹೋದೆ. ಹಾಗಾಗಿ ಆ ಪುಸ್ತಕ ನನಗೆ ನನ್ನ ಓರಗೆಯವರ ಹಾಗೆ. ಅದರಲ್ಲಿ ಎಲ್ಲ ಕೆಲಸಕ್ಕೂ ನಾಲ್ಕು ಕಾಲಮ್ಮುಗಳ ಪಟ್ಟಿ ಇದೆ. ಮೊದಲನೆಯದರಲ್ಲಿ ಏನು ಮಾಡಲು ಬರಬೇಕು. ಎರಡನೆಯದರಲ್ಲಿ ಅದಕ್ಕೆ ಏನೇನು ಗೊತ್ತಿರಬೇಕು. ಮೂರನೆಯದರಲ್ಲಿ ಬರುತ್ತದೆ ಎಂದು ಹೇಗೆ ತೋರಿಸಬೇಕು. ನಾಲ್ಕನೆಯದರಲ್ಲಿ ತೋರಿಸಿದ್ದನ್ನು ಯಾವ ಅಳತೆಯಲ್ಲಿ ನೋಡಬೇಕು. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಬದಲಾವಣೆ. ಬಾಯಿಪಾಠ ಸಾಲದು, ಮಾಡಿ ತೋರಿಸು ಎಂದು ನಿಯಮವೇ ಹೇಳಿತು. ರೆಕಾರ್ಡ್ ಬುಕ್‌ಗೆ ಬೆಲೆ ಬಂದದ್ದೂ ಅಲ್ಲಿಂದಲೇ. ಒಪ್ಪಿಗೆ ಪಡೆದ ತರಬೇತಿಯ ಭಾಗವಾಗಿ, ಈ ಪುಸ್ತಕ ತುಂಬಿಸುತ್ತಾ ಹೋದರೆ ಡೆಕ್ ಕೆಡೆಟ್‌ಗೆ ಕನಿಷ್ಠ ಒಂದು ವರ್ಷದ ಸಮುದ್ರ ಸೇವೆ ಸಾಕು ಎನ್ನುತ್ತದೆ ಆ ಅಂತರರಾಷ್ಟ್ರೀಯ ನಿಯಮ. ಇಲ್ಲದಿದ್ದರೆ ಮೂರು ವರ್ಷ. ಅಂದರೆ ಆ ಪುಸ್ತಕದಲ್ಲಿರುವ ಸಹಿಗಳು ಎರಡು ವರ್ಷದ ಸಮುದ್ರಕ್ಕೆ ಸಮ.

ಮೂರನೆಯ ಕಾಲಮ್ಮಿನ ಬಗ್ಗೆ ನನಗೆ ಹೇಳಲಿಕ್ಕಿದೆ. ಬರುತ್ತದೆ ಎಂದು ತೋರಿಸಬೇಕು, ಸರಿ. ನೋಡಲು ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತಿರಬೇಕಲ್ಲ? ಅವನಿಗೆ ಪುರುಸೊತ್ತು ಇರಬೇಕಲ್ಲ? ಅದನ್ನು ಯಾವ ಕಾಲಮ್ಮಿನಲ್ಲೂ ಬರೆದಿಲ್ಲ.

ನನ್ನ ಮೊದಲ ಹಡಗಿನಲ್ಲಿ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮುಖ್ಯಸ್ಥ, ಗಂಗೊಳ್ಳಿಯವರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಹದಿನಾಲ್ಕು ವರ್ಷಕ್ಕೆ ಮೀನಿನ ಬೋಟು ಹತ್ತಿದವರು, ಆಮೇಲೆ ದೊಡ್ಡ ಹಡಗಿಗೆ ಬಂದವರು. ಒಂದು ಬೆಳಗಿನ ಜಾವ ಹಡಗನ್ನು ಬಂದರಿಗೆ ಕಟ್ಟುತ್ತಿದ್ದೆವು. ಗಾಳಿ ಜೋರಾಗಿತ್ತು. ನಾನು ಹಿಂದಿನ ಡೆಕ್ಕಿನಲ್ಲಿ ವಿಂಚಿನ ಪಕ್ಕ ನಿಂತು ಹಗ್ಗವನ್ನೇ ನೋಡುತ್ತಿದ್ದೆ. ಬಿಗಿಯಾಗುತ್ತಿದ್ದ ಹಗ್ಗದಿಂದ ನೀರು ಹಿಂಡಿ ತೊಟ್ಟಿಕ್ಕುತ್ತಿತ್ತು, ಕಿರ್ ಕಿರ್ ಎಂದು ಸಣ್ಣ ಸದ್ದು. ಅಣ್ಣ ಬಂದು ನನ್ನ ಬಾಯ್ಲರ್ ಸೂಟಿನ ಕಾಲರ್ ಹಿಡಿದು ಒಂದೇ ಎಳೆತಕ್ಕೆ ಆಚೆ ಎಳೆದರು. "ಅಲ್ಲ್ ನಿಲ್ಬೇಡ ಮಗಾ. ಹಗ್ಗ ಎತ್ಲಾಗ್ ಹಾರತ್ತ್ ಅಂದ್ ಮೊದ್ಲ್ ಕಾಣ್" ಅಂದರು. ಆ ಮಾತು ಮುಗಿದು ಒಂದು ನಿಮಿಷ ಆಗಿತ್ತೋ ಇಲ್ಲವೋ, ಹಗ್ಗ ತುಂಡಾಯಿತು. ಕೋವಿ ಹೊಡೆದ ಹಾಗೆ ಸದ್ದು. ತುಂಡಾದ ತುದಿ ನಾನು ನಿಂತಿದ್ದ ಜಾಗದ ಮೇಲಿಂದ ಬೀಸಿಕೊಂಡು ಹೋಗಿ ರೇಲಿಂಗಿಗೆ ಬಡಿಯಿತು. ಕಬ್ಬಿಣದ ರೇಲಿಂಗು ಒಳಕ್ಕೆ ಬಾಗಿತು.

ಆ ಸಂಜೆ ಅವರು ನನ್ನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋದರು. ಚಾಕ್‌ಪೀಸ್ ತಗೊಂಡು ಡೆಕ್ಕಿನ ಮೇಲೆ ಗೆರೆ ಎಳೆದರು. ಹಗ್ಗ ಇಲ್ಲಿ ತುಂಡಾದರೆ ಹೀಗೆ ಬರುತ್ತದೆ, ಈ ಕಂಬ ಸುತ್ತಿ ಬಂದಿದ್ದರೆ ಹಾಗೆ ಬರುತ್ತದೆ. ಆಮೇಲೆ ಚಾಕ್ ನನ್ನ ಕೈಗೆ ಕೊಟ್ಟು "ಈಗ ನೀನ್ ಎಳಿ" ಅಂದರು. ಮೂರು ಸಲ ತಪ್ಪಿದೆ. ನಾಲ್ಕನೆಯ ಸಲ ಸರಿಯಾಯಿತು. ಒಂದೂವರೆ ಗಂಟೆ ಹಿಡಿಯಿತು. ಆ ಒಂದೂವರೆ ಗಂಟೆ ಅವರಿಗೆ ಎಲ್ಲಿಂದ ಸಿಕ್ಕಿತು ಎಂದು ಈಗ ಯೋಚಿಸುತ್ತೇನೆ. ಆ ಹಡಗಿನಲ್ಲಿ ನಾವು 32 ಜನ ಇದ್ದೆವು. ನಾನು ಕೊನೆಯದಾಗಿ ಇಳಿದ ಹಡಗು ಅದಕ್ಕಿಂತ ಎರಡರಷ್ಟು ದೊಡ್ಡದು, ಅದರಲ್ಲಿ ಇದ್ದದ್ದು 21 ಜನ.

ಕಲಿಯುವ ಇನ್ನೊಂದು ಗಂಟೆಯೂ ಹೋಯಿತು, ಅದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಆಗೆಲ್ಲ ಕಾಗದದ ನಕ್ಷೆಗಳು. ವಾರವಾರ ತಿದ್ದುಪಡಿಯ ಪುಸ್ತಿಕೆ ಬರುತ್ತಿತ್ತು. ಎಲ್ಲೋ ನೀರಿನ ಮೇಲೆ ತೇಲುವ ಗುರುತಿನ ಬೋಯ್ ಒಂದರ ಜಾಗ ಬದಲಾಗಿದೆ, ಎಲ್ಲೋ ಒಂದು ದೀಪದ ಮಿನುಗು ಬದಲಾಗಿದೆ. ಸೆಕೆಂಡ್ ಮೇಟ್ ಮತ್ತು ನಾನು ಚಾರ್ಟ್ ಟೇಬಲ್ಲಿನ ಮೇಲೆ ಬಗ್ಗಿ ನೇರಳೆ ಶಾಯಿಯಲ್ಲಿ ಒಂದೊಂದನ್ನೇ ತಿದ್ದುತ್ತಿದ್ದೆವು. ಕೆಲಸ ನೀರಸವಾಗಿತ್ತು. ಆದರೆ ಕೈ ಕೆಲಸದಲ್ಲಿರುವಾಗ ಬಾಯಿಗೆ ಬಿಡುವು. "ಈ ಜಾಗದಲ್ಲಿ ಪ್ರವಾಹ ಹೇಗೆ ಎಳೆಯುತ್ತದೆ ಗೊತ್ತಾ? ಒಂದು ಸಲ ನಾವು..." ಎಂದು ಅವರು ಶುರು ಮಾಡುತ್ತಿದ್ದರು. ನನಗೆ ಗೊತ್ತಿರುವ ಹಡಗು ನಡೆಸುವ ವಿದ್ಯೆಯಲ್ಲಿ ಕಾಲು ಭಾಗ ಆ ಟೇಬಲ್ಲಿನ ಮೇಲೆಯೇ ಸಿಕ್ಕಿದ್ದು.

ಆಮೇಲೆ ಎಕ್ಡಿಸ್ ಬಂತು. ಪರದೆಯ ಮೇಲೆ ನಕ್ಷೆ, ಅದರ ಮೇಲೆ ನಮ್ಮ ಹಡಗು ತಾನೇ ಓಡುತ್ತಿರುತ್ತದೆ. ತಿದ್ದುಪಡಿ ಡೌನ್‌ಲೋಡ್ ಆಗುತ್ತದೆ. ಅದು ಒಳ್ಳೆಯದೇ, ನಾನು ವಿರೋಧಿಯಲ್ಲ. ಮಳೆಗಾಲದ ರಾತ್ರಿ ಪಣಂಬೂರಿನ ಹೊರಗೆ ಮೀನಿನ ಬೋಟುಗಳ ನಡುವೆ ಬಂದವರಿಗೆ ಆ ಪರದೆಯ ಬೆಲೆ ಗೊತ್ತು. ಆದರೆ ಉಳಿದ ಸಮಯ ಕಲಿಸುವುದಕ್ಕೆ ಬರಲಿಲ್ಲ. ಫಾರ್ಮ್‌ಗಳಿಗೆ, ಚೆಕ್‌ಲಿಸ್ಟ್‌ಗಳಿಗೆ, ಆಫೀಸಿನ ಇ-ಮೇಲ್‌ಗಳಿಗೆ ಹೋಯಿತು.

2010ರಲ್ಲಿ ಮನಿಲಾದಲ್ಲಿ ಮತ್ತೊಂದು ದೊಡ್ಡ ತಿದ್ದುಪಡಿ ಆಯಿತು. ಒಪ್ಪಿದ ದಿನ ಜೂನ್ 25. ಅದನ್ನೇ ಈಗ ನಾವಿಕರ ದಿನ ಎಂದು ಆಚರಿಸುತ್ತಾರೆ. 2012ರ ಜನವರಿ 1ರಿಂದ ಜಾರಿ, ಹೊಂದಿಕೊಳ್ಳಲು ಐದು ವರ್ಷ. ಎಕ್ಡಿಸ್ ತರಬೇತಿ, ಕಡಲ್ಗಳ್ಳರಿಂದ ಕಾಪಾಡಿಕೊಳ್ಳುವ ಭದ್ರತಾ ತರಬೇತಿ, ಕರೆಂಟಿನ ಕೆಲಸದ ಆಫೀಸರರಿಗೆ ಬೇರೆಯೇ ದರ್ಜೆ, ಬೆಂಕಿ ಮತ್ತು ಜೀವರಕ್ಷಣೆಯ ಪಾಠವನ್ನು ಐದು ವರ್ಷಕ್ಕೊಮ್ಮೆ ಮತ್ತೆ ಮಾಡುವುದು, ಎಲ್ಲ ಬಂತು. ಅಗತ್ಯವಿತ್ತು. ಗಡುವು ಹತ್ತಿರ ಬಂದಾಗ, 2016ರಲ್ಲಿ, ರಜೆಯಲ್ಲಿದ್ದವರೆಲ್ಲ ಕೋರ್ಸುಗಳಿಗೆ ಸಾಲು ನಿಂತರು. ನಾನೂ ನಿಂತೆ. ಒಂದು ಕಡೆ ಕಿಕ್ಕಿರಿದ ಕೋಣೆಯಲ್ಲಿ ಕೂರಿಸಿ ಸ್ಲೈಡ್ ಓಡಿಸಿದರು. ಮೇಷ್ಟ್ರಿಗೂ ಸುಸ್ತು, ನಮಗೂ ಸುಸ್ತು. ಸಂಜೆ ಸರ್ಟಿಫಿಕೇಟ್ ಕೈಗೆ ಬಂತು. ಆ ವಾರ ಮನೆಯಲ್ಲಿ ಮಗಳ ಹುಟ್ಟುಹಬ್ಬ ಇತ್ತು, ಅದು ತಪ್ಪಿತು.

ಮನಿಲಾದವರು ನಿದ್ರೆಗೂ ಲೆಕ್ಕ ಗಟ್ಟಿ ಮಾಡಿದರು. 24 ಗಂಟೆಯಲ್ಲಿ 10 ಗಂಟೆ ವಿಶ್ರಾಂತಿ. ಅದನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡಬಾರದು, ಒಂದು ತುಂಡು ಆರು ಗಂಟೆಗೆ ಕಡಿಮೆ ಇರಬಾರದು. ವಾರಕ್ಕೆ 77 ಗಂಟೆ. ಓದಲು ಚೆನ್ನಾಗಿದೆ. ಆದರೆ ವಾರದಲ್ಲಿ 168 ಗಂಟೆ ಇದೆಯಲ್ಲ? 77 ಕಳೆದರೆ 91 ಉಳಿಯುತ್ತದೆ. ಅಂದರೆ ವಾರಕ್ಕೆ 91 ಗಂಟೆ ದುಡಿಸಿದರೂ ನಿಯಮ ಮುರಿದ ಹಾಗಾಗುವುದಿಲ್ಲ. ಆ 91 ಕೂಡ ಸಾಲದೆ ದಾಖಲೆ ತಿದ್ದುವುದು ಸಾಮಾನ್ಯ ಎಂದು ಸ್ವೀಡನ್ನಿನ ಮಾಲ್ಮೋದಲ್ಲಿರುವ ವಿಶ್ವ ಕಡಲ ವಿಶ್ವವಿದ್ಯಾಲಯ 2020ರಲ್ಲಿ ಅಧ್ಯಯನ ಮಾಡಿ ಹೇಳಿತು. ಹಡಗಿನಲ್ಲಿ ಇದ್ದವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಇಷ್ಟು ದಣಿದವನ ಹತ್ತಿರ ಕೆಡೆಟ್‌ಗೆ ಕಲಿಸು ಎಂದರೆ ಅವನು ಪೆನ್ನು ತೆಗೆಯುತ್ತಾನೆ, ಅಷ್ಟೇ.

ಈಗಿನ ಪರಿಷ್ಕರಣೆಗೆ ಐಎಂಒ ಒಪ್ಪಿದ್ದು 2022ರಲ್ಲಿ. ಮೊದಲು ಹಳೆಯ ಪುಸ್ತಕದಲ್ಲಿ ಏನೇನು ಕೊರತೆ ಇದೆ ಎಂದು ಹುಡುಕುವುದು, ಆಮೇಲೆ ಹೊಸದು ಬರೆಯುವುದು. ಹೊಸ ಇಂಧನ, ಹೊಸ ಯಂತ್ರ, ಕಂಪ್ಯೂಟರ್ ದಾಳಿಯಿಂದ ರಕ್ಷಣೆ, ಸಿಮ್ಯುಲೇಟರ್, ದೂರದಿಂದ ಪಾಠ, ಡಿಜಿಟಲ್ ಸರ್ಟಿಫಿಕೇಟ್, ಮಾನಸಿಕ ಆರೋಗ್ಯ, ಎಲ್ಲ ಚರ್ಚೆಯಲ್ಲಿದೆ. ಒಂದು ಭಾಗವನ್ನು ಕಾಯದೆ ಮೊದಲೇ ತಂದರು. ಹಡಗಿನಲ್ಲಿ ಕಿರುಕುಳ, ಲೈಂಗಿಕ ದೌರ್ಜನ್ಯ ತಡೆಯುವುದು ಹೇಗೆ, ನಡೆದರೆ ಏನು ಮಾಡಬೇಕು ಎನ್ನುವುದು ಈಗ ಎಲ್ಲರ ಮೂಲ ತರಬೇತಿಯಲ್ಲೇ ಸೇರಿದೆ, 2026ರ ಜನವರಿ 1ರಿಂದ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ನಮ್ಮ ಊರಿನ ಹೆಣ್ಣುಮಕ್ಕಳೂ ಈಗ ಕೆಡೆಟ್ ಆಗಿ ಹೋಗುತ್ತಿದ್ದಾರೆ. ಸಮುದ್ರದ ನಡುವೆ ಬಾಗಿಲು ಹಾಕಿಕೊಂಡು ಅಳಬೇಕಾದ ಸ್ಥಿತಿ ಯಾವ ಮಗುವಿಗೂ ಬರಬಾರದು.

ಇಂಧನದ ವಿಷಯ ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಸರಿಯಾಗಿ ಕಾಣುವುದೇ ಇಲ್ಲ. ದ್ರವ ನೈಸರ್ಗಿಕ ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ಇಡಬೇಕು, ಸಾಮಾನ್ಯ ಉಕ್ಕಿನ ಮೇಲೆ ಚೆಲ್ಲಿದರೆ ಉಕ್ಕು ಬಿರುಕು ಬಿಡುತ್ತದೆ. ಇನ್ನು ಅಮೋನಿಯಾ. ಮಲ್ಪೆಯವರಿಗೆ ಬೇರೆ ಹೇಳಬೇಕಿಲ್ಲ, ಐಸ್ ಪ್ಲಾಂಟಿನಲ್ಲಿ ಇರುವುದು ಅದೇ. ಸೋರಿಕೆಯಾದರೆ ಕಣ್ಣು ಉರಿದು ಉಸಿರು ಕಟ್ಟುತ್ತದೆ, ಓಡುವುದೊಂದೇ ದಾರಿ. ಹಡಗಿನಲ್ಲಿ ಎಲ್ಲಿಗೆ ಓಡುತ್ತೀರಿ? ಇಂಥ ಹಡಗುಗಳಲ್ಲಿ ಕೆಲಸ ಮಾಡುವವರ ತರಬೇತಿಗೆ ಐಎಂಒ 2025ರಲ್ಲಿ ತಾತ್ಕಾಲಿಕ ಮಾರ್ಗಸೂಚಿ ಕೊಟ್ಟಿದೆ. ಆದರೆ ನನ್ನ ಕಾಲದ ಬೋಸನ್ ಅಣ್ಣನಿಗೆ ಹಗ್ಗ ಗೊತ್ತಿದ್ದ ಹಾಗೆ ಅಮೋನಿಯಾ ಗೊತ್ತಿರುವ ಹಿರಿಯರು ಹಡಗುಗಳಲ್ಲಿ ಇನ್ನೂ ಇಲ್ಲ. ಕಲಿಸುವವನೂ ಹೊಸಬ, ಕಲಿಯುವವನೂ ಹೊಸಬ. ಹಾಗಿರುವಾಗ ಇಬ್ಬರಿಗೂ ಸಮಯ ಇನ್ನೂ ಜಾಸ್ತಿ ಬೇಕಲ್ವಾ?

2025ರ ಜೂನ್ 9 ನೆನಪಿದೆಯಾ? ಕೇರಳದ ಆಚೆ ವಾನ್ ಹೈ 503 ಎಂಬ ಕಂಟೇನರ್ ಹಡಗು ಸ್ಫೋಟವಾಗಿ ಉರಿಯಿತು. 22 ಜನರಲ್ಲಿ 18 ಜನರನ್ನು ರಕ್ಷಿಸಿ ನೌಕಾಪಡೆಯ ಐಎನ್‌ಎಸ್ ಸೂರತ್ ಅದೇ ರಾತ್ರಿ ಪಣಂಬೂರಿಗೆ ತಂದಿತು. ನಾಲ್ವರು ನಾಪತ್ತೆಯಾಗಿದ್ದರು. ಆ ರಾತ್ರಿ ನಾನು ಮಲಗಲಿಲ್ಲ. ಟಿವಿಯಲ್ಲಿ ಎಲ್ಲರೂ ಕಂಟೇನರಿನಲ್ಲಿ ಏನಿತ್ತು ಎಂದು ಕೇಳುತ್ತಿದ್ದರು. ನನ್ನ ಕಣ್ಣ ಮುಂದೆ ಇದ್ದದ್ದು ಬೇರೆ. ಹೊಗೆಯ ನಡುವೆ ಯಾರೋ ಒಬ್ಬ ಬೋಟಿನ ಹುಕ್ ಪರೀಕ್ಷಿಸಿರುತ್ತಾನೆ, ಯಾರೋ ಒಬ್ಬ ತಲೆ ಎಣಿಸಿರುತ್ತಾನೆ, ಇನ್ನೊಬ್ಬನಿಗೆ ಲೈಫ್‌ಜಾಕೆಟ್ ಕಟ್ಟಿರುತ್ತಾನೆ. ಆ ಹೊತ್ತಿನಲ್ಲಿ ಪುಸ್ತಕ ತೆರೆಯಲು ಆಗುವುದಿಲ್ಲ. ಕೈಗೆ ಗೊತ್ತಿರಬೇಕು.

ಸರ್ಕಾರದವರ, ಹಡಗಿನ ಮಾಲೀಕರ, ಯೂನಿಯನ್ನಿನವರ ಪ್ರತಿನಿಧಿಗಳು ಲಂಡನ್ನಿನಲ್ಲಿ ಕೂತು ಬರೆಯುತ್ತಾರೆ. ಜಗತ್ತಿನ ಹಡಗಿನವರಲ್ಲಿ ಹತ್ತರಲ್ಲಿ ಒಬ್ಬ ಭಾರತೀಯ ಎಂಬ ಲೆಕ್ಕವಿದೆ. ಹಾಗಾಗಿ ಅಲ್ಲಿ ನಮ್ಮ ದೇಶದ ಮಾತಿಗೆ ತೂಕ ಇದೆ, ಇರಬೇಕು. ನನ್ನ ಬೇಡಿಕೆ ಒಂದೇ. ಕೆಡೆಟ್ ಇರುವ ಹಡಗಿನಲ್ಲಿ ಕಲಿಸುವುದನ್ನು ಕೆಲಸ ಎಂದೇ ಲೆಕ್ಕಕ್ಕೆ ತಗೊಳ್ಳಿ. ಕಾರ್ಗೋ ಕೆಲಸಕ್ಕೆ ಗಂಟೆ ಬರೆಯುತ್ತೀರಿ, ವಾಚಿಗೆ ಬರೆಯುತ್ತೀರಿ, ಪೇಂಟಿಂಗಿಗೂ ಬರೆಯುತ್ತೀರಿ. ಕಲಿಸುವುದಕ್ಕೂ ವಾರಕ್ಕೆ ಇಷ್ಟು ಗಂಟೆ ಎಂದು ನಿಯಮದಲ್ಲೇ ಬರೆಯಿರಿ, ಮತ್ತೆ ಹಡಗಿಗೆ ಎಷ್ಟು ಜನ ಬೇಕು ಎಂದು ನಿರ್ಧರಿಸುವಾಗ ಆ ಗಂಟೆಗಳನ್ನೂ ಸೇರಿಸಿ. ಒಬ್ಬ ಆಫೀಸರ್ ಜಾಸ್ತಿ ಬೇಕಾಗಬಹುದು. ಹಣ ಖರ್ಚಾಗುತ್ತದೆ, ನನಗೆ ಗೊತ್ತು. 2024ರಲ್ಲಿ ಕರೆಂಟ್ ಹೋದ ಹಡಗೊಂದು ಬಡಿದು ಬಿದ್ದ ಅಮೆರಿಕದ ಬಾಲ್ಟಿಮೋರಿನ ಸೇತುವೆಗೂ ಖರ್ಚಾಗುತ್ತಿದೆ.

ಸಿಮ್ಯುಲೇಟರಿನಲ್ಲಿ ಕಳೆದ ದಿನಗಳನ್ನು ಸಮುದ್ರ ಸೇವೆಯ ಬದಲಿಗೆ ಇನ್ನೂ ಜಾಸ್ತಿ ಲೆಕ್ಕ ಹಿಡಿಯಬೇಕು ಎನ್ನುವ ವಾದವೂ ಇದೆ. ಕೆಡೆಟ್‌ಗಳಿಗೆ ಹಡಗಿನಲ್ಲಿ ಜಾಗ ಸಿಗುವುದು ಕಷ್ಟ ಎನ್ನುವುದು ನಿಜ. ಕೋರ್ಸ್ ಮುಗಿಸಿ, ಸಾಲ ಮಾಡಿ, ವರ್ಷಗಟ್ಟಲೆ ಫೋನ್ ಕಾಯುತ್ತಾ ಮನೆಯಲ್ಲಿ ಕೂತ ಹುಡುಗರನ್ನು ಕಾಪು, ಮುಲ್ಕಿ ಕಡೆ ನಾನೇ ನೋಡಿದ್ದೇನೆ. ಅವರ ಸಂಕಟ ದೊಡ್ಡದು. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಸಿಮ್ಯುಲೇಟರಿನಲ್ಲಿ ಹತ್ತು ಸಲ ಡಿಕ್ಕಿ ಹೊಡೆಸಿ ಹನ್ನೊಂದನೇ ಸಲ ಕಲಿಯಬಹುದು, ಅದು ಹಡಗಿನಲ್ಲಿ ಆಗದ ಮಾತು. ಆದರೆ ಅಲ್ಲಿ ಹಗ್ಗದ ಕಿರ್ ಕಿರ್ ಸದ್ದು ಇಲ್ಲ. ನಮ್ಮ ಮೀನಿನ ಬೋಟುಗಳಲ್ಲಿ ಹುಡುಗರು ಬೋಟು ನಡೆಸುವ ತಾಂಡೇಲನ ಪಕ್ಕ ನಿಂತೇ ಕಲಿಯುವುದು. ನೀರಿನ ಬಣ್ಣ ಬದಲಾದರೆ ತಾಂಡೇಲ ಏನೂ ಹೇಳದೆ ಸ್ಟೇರಿಂಗ್ ಸ್ವಲ್ಪ ತಿರುಗಿಸುತ್ತಾನೆ. ಹುಡುಗ ನೀರು ನೋಡುತ್ತಾನೆ, ಅವನ ಕೈ ನೋಡುತ್ತಾನೆ.

ಅಕ್ಕನ ಮಗ ಎರಡನೆಯ ಹಡಗಿಗೆ ಹೋಗುವ ಮುಂಚೆ ನಾವಿಬ್ಬರೂ ಆ ಪುಸ್ತಕ ಹಿಡಿದು ಮೂರು ಸಂಜೆ ಕೂತೆವು. ನಿಜವಾಗಿ ಕೈಯಾರೆ ಮಾಡಿದ ಸಾಲು ಯಾವುದು, ಸುಮ್ನೆ ಸಹಿ ಬಿದ್ದದ್ದು ಯಾವುದು ಎಂದು ಬೇರೆ ಹಾಳೆಯಲ್ಲಿ ಬರೆದುಕೊಂಡ. ನಾನು ಬರೆಯಿಸಲಿಲ್ಲ, ಅವನೇ ಬರೆದ. ಎಮರ್ಜೆನ್ಸಿ ಸ್ಟೀರಿಂಗ್ ಎರಡನೆಯ ಪಟ್ಟಿಯ ಮೇಲಿನ ಸಾಲಿನಲ್ಲಿತ್ತು. 2024ರ ಮಾರ್ಚ್ 26ರಂದು ಬಾಲ್ಟಿಮೋರಿನಲ್ಲಿ ಡಾಲಿ ಹಡಗಿನ ಕರೆಂಟ್ ಹೋಗಿ ಅದು ಸೇತುವೆಗೆ ಬಡಿದದ್ದು, ಸೇತುವೆಯ ಮೇಲಿದ್ದ ಆರು ಕೆಲಸಗಾರರು ಸತ್ತದ್ದು, ಆ ಹಡಗಿನಲ್ಲಿ ಇದ್ದವರಲ್ಲಿ ಹೆಚ್ಚಿನವರು ನಮ್ಮ ದೇಶದವರೇ ಆಗಿದ್ದದ್ದು, ಎಲ್ಲ ಮಾತಾಡಿದೆವು. ಅಕ್ಕ ಒಳಗಿನಿಂದ ಕೇಳಿಸಿಕೊಂಡು "ಇಂಥದ್ದೆಲ್ಲ ಹೇಳಿ ಅವನನ್ನು ಹೆದರಿಸಬೇಡ" ಎಂದು ನನಗೆ ಗದರಿದಳು.

ಮೊನ್ನೆ ಹಡಗಿನಿಂದ ಅವನ ಮೆಸೇಜ್ ಬಂತು. ಇಷ್ಟುದ್ದ. ಸೆಕೆಂಡ್ ಇಂಜಿನಿಯರ್ ತಮಿಳಿನವರಂತೆ. ಮೂರು ಸಲ ಕೇಳಿದ ಮೇಲೆ ಒಂದು ಭಾನುವಾರ ಅವನೊಬ್ಬನನ್ನೇ ಸ್ಟೀರಿಂಗ್ ಗೇರ್ ರೂಮಿಗೆ ಕರೆದುಕೊಂಡು ಹೋದರಂತೆ. ಬ್ರಿಡ್ಜಿನಿಂದ ಫೋನಿನಲ್ಲಿ ಆರ್ಡರ್ ಬರುತ್ತಿತ್ತು, ಪಂಪಿನ ಸದ್ದಿಗೆ ಕೇಳಿಸುತ್ತಿರಲಿಲ್ಲ, ಒಂದು ಕಿವಿ ಮುಚ್ಚಿಕೊಂಡು "ಪೋರ್ಟ್ ಟೆನ್" ಎಂದು ಜೋರಾಗಿ ತಿರುಗಿ ಹೇಳಿ, ಸೊಲನಾಯ್ಡ್ ವಾಲ್ವಿನ ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿದೆ ಮಾವ, ಅಷ್ಟು ದೊಡ್ಡ ರಡರ್ ನನ್ನ ಹೆಬ್ಬೆರಳಿಗೆ ತಿರುಗಿತು, ಎಂದು ಬರೆದಿದ್ದ. ಕೊನೆಗೆ ಒಂದು ಪ್ರಶ್ನೆ. "ಕರೆಂಟ್ ಪೂರ್ತಿ ಹೋದರೆ ಎಮರ್ಜೆನ್ಸಿ ಜನರೇಟರಿನಿಂದ ಈ ಪಂಪಿಗೆ ಎಷ್ಟು ಸೆಕೆಂಡಿನಲ್ಲಿ ಕರೆಂಟ್ ಬರಬೇಕು ಮಾವ?"

ಉತ್ತರ ನನಗೆ ಗೊತ್ತಿತ್ತು. ಟೈಪ್ ಕೂಡ ಮಾಡಿದ್ದೆ. ಅಳಿಸಿ, "ಸೆಕೆಂಡ್ ಇಂಜಿನಿಯರ್ ಹತ್ತಿರವೇ ಕೇಳು, ಕೇಳಿ ನನಗೂ ಹೇಳು" ಎಂದು ಕಳಿಸಿದೆ.